ಐದು ವಾರ ಊರಿಗೆ ಹೋದರೆ ಚಾರ್ಟರ್ ಶಾಲೆಯ ಸೀಟು ಹೋಗುತ್ತಾ?

ನಮಸ್ಕಾರ. ಡಿಸೆಂಬರ್‌ನಲ್ಲಿ ಮಗಳನ್ನು ಐದು ವಾರ ಮೈಸೂರಿಗೆ ಕರೆದುಕೊಂಡು ಹೋಗ್ತೀವಿ ಅಂದಿದ್ದಕ್ಕೆ ಶಾಲೆಯವರು ಸೀಟು ಹೋಗಬಹುದು ಅಂದರು, ಇದು ಬೆದರಿಕೆಯಾ ಅಂತ ಕೇಳಿದ್ದೀರಿ. ನಾನೂ ಕ್ಯಾಲಿಫೋರ್ನಿಯಾದಲ್ಲೇ ಒಂದು ಸಣ್ಣ ಚಾರ್ಟರ್ ಶಾಲೆ (ಸರ್ಕಾರದ ಹಣದಲ್ಲಿ, ಆದರೆ ಸ್ವತಂತ್ರ ಆಡಳಿತದಲ್ಲಿ ನಡೆಯುವ ಶಾಲೆ) ನಡೆಸುತ್ತಿದ್ದೇನೆ. ಒಳಗಿನ ಲೆಕ್ಕ ಹೇಳುತ್ತೇನೆ.

ಬೆದರಿಕೆ ಅಲ್ಲ, ದುಡ್ಡಿನ ವಿಷಯ. ಈ ರಾಜ್ಯದಲ್ಲಿ ಸರ್ಕಾರ ಹಣ ಕೊಡುವುದು ದಿನದ ಹಾಜರಾತಿಯ ಸರಾಸರಿ ನೋಡಿ. ಮಗು ಜ್ವರ ಬಂದು ಮಲಗಿದರೂ ಅದು ಗೈರುಹಾಜರಿಯೇ. ಡಿಸ್ಟ್ರಿಕ್ಟ್‌ಗಳಿಗಾದರೆ, ಅಂದರೆ ಮಾಮೂಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳಿಗೆ, ಹಿಂದಿನ ವರ್ಷಗಳ ಹಾಜರಾತಿಯ ಆಸರೆ ಇದೆ. ಚಾರ್ಟರ್‌ಗೆ ಈ ವರ್ಷದ್ದು ಮಾತ್ರ ಲೆಕ್ಕ. ಫೀಸು ತೆಗೆದುಕೊಳ್ಳುವ ಹಾಗೂ ಇಲ್ಲ. ಹಾಗಾಗಿ ಬೆಳಿಗ್ಗೆ ಹಾಜರಿ ಮುಗಿದ ತಕ್ಷಣ ನಾನು ಕೇಳುವುದು ಬಾರದವರ ಪಟ್ಟಿ. ಡಿಸೆಂಬರ್‌ನಲ್ಲಿ ಅದರ ತುಂಬ ನಮ್ಮವರ ಮಕ್ಕಳದ್ದೇ ಹೆಸರು! ಇನ್ನೊಂದು ಕಡೆ, ಸೀಟಿಗಿಂತ ಅರ್ಜಿ ಹೆಚ್ಚಾದಾಗ ಎತ್ತುವ ಲಾಟರಿಯಲ್ಲಿ ಸೀಟು ಸಿಗದವರು ಕಾಯುತ್ತಲೇ ಇರುತ್ತಾರೆ.

ಸುಮ್ನೆ ಈಮೇಲ್ ಕಳಿಸಿ ವಿಮಾನ ಹತ್ತಬೇಡಿ. 'ಇಂಡಿಪೆಂಡೆಂಟ್ ಸ್ಟಡಿ' (ಶಾಲೆಗೆ ಬಾರದೆ ಓದುವ ವ್ಯವಸ್ಥೆ) ಇದೆಯಾ ಅಂತ ಆಫೀಸಿನಲ್ಲಿ ಕೇಳಿ. ಇದ್ದರೆ ಹೊರಡುವ ಮೊದಲೇ ಒಪ್ಪಂದಕ್ಕೆ ಸಹಿ ಹಾಕಿ. ಮಗಳು ಅಲ್ಲಿಂದಲೇ ಶಾಲೆ ಕೊಟ್ಟ ಪಾಠದ ಕೆಲಸ ಮಾಡಿ ಒಪ್ಪಿಸಿದರೆ ಹಾಜರಾತಿ ಸಿಗುತ್ತದೆ. ಆದರೆ ಅಜ್ಜಿ ಮನೆಯಲ್ಲಿ ವರ್ಕ್‌ಶೀಟ್ ಬರೆಸುವುದು ನಿಮ್ಮ ಜವಾಬ್ದಾರಿ, ಅದೇ ಕಷ್ಟದ ಭಾಗ ಅಲ್ವಾ?

ಚಳಿಗಾಲದ ರಜೆಗೆ ಹೊಂದಿಸಿ ಟಿಕೆಟ್ ಮಾಡಿದರೆ ತಪ್ಪುವ ದಿನಗಳು ಕಡಿಮೆ. ವಾಲಂಟಿಯರ್ ಕೆಲಸ ಮಾಡಿದರೆ ಸೀಟು ಉಳಿಯುತ್ತಾ ಅಂದಿರಿ. ಅದಕ್ಕೂ ಸೀಟಿಗೂ ಸಂಬಂಧ ಇಡುವ ಹಾಗಿಲ್ಲ, ಇಲ್ಲಿನ ಕಾನೂನೇ ಹಾಗಿದೆ.