ಯಾವ ಮೇಲ್ ಕ್ಲೈಂಟ್ ಅನ್ನೋದು ಆಮೇಲೆ, ಮೊದಲು ಆ ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಡಿ

ಈ ಶನಿವಾರ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕ್ತೀನಿ, ಹಳೇ ಮೇಲ್ ಫೈಲ್ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಂಡಿದ್ದೀನಿ, ಇನ್ನು ನೋಡೋಕೆ ಚೆನ್ನಾಗಿರೋ ಸ್ವತಂತ್ರ ತಂತ್ರಾಂಶದ (ಯಾರು ಬೇಕಾದ್ರೂ ಒಳಗಿನ ಕೋಡ್ ನೋಡಿ, ಬದಲಿಸಿ, ಹಂಚಬಹುದಾದ) ಮೇಲ್ ಕ್ಲೈಂಟ್, ಅಂದ್ರೆ ಮೇಲ್ ಓದೋ ಬರೆಯೋ ಪ್ರೋಗ್ರಾಂ, ಒಂದು ಹೇಳಿ ಅಂತ ಬರ್ದಿದ್ದೀರಲ್ಲ, ಆ "ಕಾಪಿ ಮಾಡ್ಕೊಂಡಿದ್ದೀನಿ" ಅನ್ನೋದನ್ನ ಓದಿ ಎದೆ ಧಸಕ್ ಅಂತು. ನಾನೂ ಹೀಗೇ ಕಾಪಿ ಮಾಡ್ಕೊಂಡಿದ್ದೆ.

ಹಾಸನದಲ್ಲಿ ನಂದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆ ಸಂಚಿಕೆ, ಇಂಥವೇ ಕೆಲಸ. ಮ್ಯಾಟರ್ ಮೇಲಲ್ಲಿ ಬರೋದು, ಪ್ರೂಫ್ ಮೇಲಲ್ಲೇ ಹೋಗೋದು. 2006ರಲ್ಲಿ ಒಂದು ಮೇಲ್ ಪ್ರೋಗ್ರಾಂ ಹಾಕ್ಕೊಂಡೆ, ಹೆಸರು ಬೇಡ, ದುಡ್ಡು ಕೊಡೋ ಹಾಗಿರಲಿಲ್ಲ, ರಿಜಿಸ್ಟರ್ ಮಾಡಿದ್ರೆ ಒಂದು ಕೀ ಕಳಿಸ್ತಿದ್ರು, ನೋಡೋಕೂ ಲಕ್ಷಣವಾಗಿತ್ತು. ಫ್ರೀ ಅಂತ ಬರೆದಿದ್ರು, ನಾನೂ ಫ್ರೀ ಅಂದ್ಕೊಂಡೆ. ಇಂಗ್ಲಿಷ್‌ನೋರಿಗೆ ಎರಡಕ್ಕೂ ಒಂದೇ ಪದ, ನಮಗೆ ಹಾಗಲ್ಲ, ಪುಕ್ಕಟೆ ಬೇರೆ ಸ್ವತಂತ್ರ ಬೇರೆ, ಕನ್ನಡದೋರು ಈ ವಿಷಯದಲ್ಲಿ ಮೋಸ ಹೋಗ್ಲೇಬಾರದಿತ್ತು.

ಆಗ ನನ್ನ ಮೇಲ್‌ಬಾಕ್ಸ್‌ಗೆ ಸರ್ವರಲ್ಲಿ ಇದ್ದಿದ್ದು ಬರೀ 25 ಎಂಬಿ ಜಾಗ. ಯಾರೋ ಒಬ್ರು ಮದುವೆ ಫೋಟೋ ನಾಲ್ಕು ಕಳಿಸಿದ್ರೆ ಡಬ್ಬ ತುಂಬಿ ಬೇರೆಯವರ ಮೇಲ್ ವಾಪಸ್ ಹೋಗೋದು. ಅದಕ್ಕೆ ಪಾಪ್ (ಮೇಲನ್ನ ಸರ್ವರಿಂದ ಕಂಪ್ಯೂಟರ್‌ಗೆ ಇಳಿಸೋ ವಿಧಾನ) ಸೆಟ್ಟಿಂಗಲ್ಲಿ "ಸರ್ವರಲ್ಲಿ ಒಂದು ಪ್ರತಿ ಬಿಡು" ಅನ್ನೋ ಟಿಕ್ ತೆಗೆದುಬಿಟ್ಟಿದ್ದೆ. ಅಂದ್ರೆ ಮೇಲ್ ಕಂಪ್ಯೂಟರ್‌ಗೆ ಇಳಿದ ತಕ್ಷಣ ಸರ್ವರಿಂದ ಅಳಿಸಿ ಹೋಗತ್ತೆ, ಇರೋದೊಂದೇ ಪ್ರತಿ, ಅದು ಆ ಪ್ರೋಗ್ರಾಂನ ಹೊಟ್ಟೆ ಒಳಗೆ.

2008ರಿಂದ ನಮ್ಮೂರ ಕಡೆಯ ರಿಟೈರ್ಡ್ ಮೇಷ್ಟ್ರು ಒಬ್ರು ಸುತ್ತಮುತ್ತಲ ಕೆರೆಗಳ ಬಗ್ಗೆ ಪುಸ್ತಕ ಬರೀತಾ ಒಂದೊಂದೇ ಅಧ್ಯಾಯ ನಂಗೆ ಮೇಲ್ ಮಾಡೋರು. ತೂಬು ಎಲ್ಲಿತ್ತು, ಕೋಡಿ ಯಾವಾಗ ಒಡೀತು, ಯಾವ ಕೆರೆ ಏರಿ ಮೇಲೆ ಶಾಸನದ ಕಲ್ಲಿದೆ, ಎಲ್ಲಾ ಸೈಕಲ್ಲಲ್ಲಿ ಓಡಾಡಿ ಕೇಳ್ಕೊಂಡು ಬಂದು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡೋರು. ಒಟ್ಟು ಹದಿನಾಲ್ಕು ಅಧ್ಯಾಯ. ತಿದ್ದುಪಡಿಗಳನ್ನ ಮಾತ್ರ ಬೇರೆ ಫೈಲಲ್ಲಿ ಕಳಿಸ್ತಿರಲಿಲ್ಲ, ಮೇಲಲ್ಲೇ ಬರೆದುಬಿಡೋರು. 2013ರಲ್ಲಿ ತೀರಿಕೊಂಡ್ರು.

2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಸಪೋರ್ಟ್ ನಿಂತಿತಲ್ಲ, ಆಗ ಹೊಸ ಸಿಸ್ಟಂ ತಗೊಂಡೆ. ಅವತ್ತು ಸಂಜೆ ಮಾಡಿದ್ದನ್ನ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನೀವು ಈಗ ಸರಿಯಾಗಿ ಅದೇ ಜಾಗದಲ್ಲಿ ನಿಂತಿದ್ದೀರ. ಮೇಲ್ ಇದ್ದ ಫೈಲ್ ಹುಡುಕಿದೆ, 380 ಎಂಬಿ. ಪೆನ್‌ಡ್ರೈವ್‌ಗೆ ಹಾಕಿದೆ. ಸೀಡಿಗೂ ಒಂದು ಬರೆದೆ. ಎರಡೂ ಕಡೆ ಸೈಜ್ ಸರಿ ಇದೆಯಾ ಅಂತ ಪ್ರಾಪರ್ಟೀಸ್ ತೆಗೆದು ತಾಳೆ ನೋಡಿದೆ, ಸರಿ ಇತ್ತು. ಹಳೇ ಸಿಸ್ಟಂ ಫಾರ್ಮ್ಯಾಟ್ ಮಾಡಿ ಬಾಮೈದನ ಮಗನಿಗೆ ಕೊಟ್ಟೆ. ಹೊಸ ಸಿಸ್ಟಂನಲ್ಲಿ ಆ ಫೈಲ್ ತೆರೆಯತ್ತಾ ಅಂತ ನೋಡಲಿಲ್ಲ. ಫೈಲ್ ಇದ್ರೆ ಮೇಲ್ ಇದೆ ಅಂತ ನಂಬಿದ್ದೆ. ಫೈಲ್ ಇತ್ತು, ಅದರ ಬೀಗದ ಕೈ, ಅಂದ್ರೆ ಓಡ್ತಿದ್ದ ಆ ಪ್ರೋಗ್ರಾಂ, ಮಾತ್ರ ಫಾರ್ಮ್ಯಾಟ್ ಆದ ಡಿಸ್ಕಲ್ಲಿ ಹೋಗಿತ್ತು. ಎರಡಲ್ಲ ಇಪ್ಪತ್ತು ಕಾಪಿ ಮಾಡಿದ್ರೂ ಅಷ್ಟೇ, ತೆರೆಯೋಕಾಗದ ಇಪ್ಪತ್ತು ಪೆಟ್ಟಿಗೆ ಆಗ್ತಿತ್ತು.

ಮಾರನೇ ದಿನ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿದ್ರೆ ಕೀ ಕೇಳ್ತು. ಹಳೇ ಕೀ ಹಾಕಿದ್ರೆ ಇದು ಬೇರೆ ಕಂಪ್ಯೂಟರ್, ಮತ್ತೆ ರಿಜಿಸ್ಟರ್ ಆಗಿ ಅಂತು. ರಿಜಿಸ್ಟರ್ ಆಗೋಣ ಅಂದ್ರೆ ಕಂಪನಿ ವೆಬ್‌ಸೈಟೇ ಇಲ್ಲ, ಮುಚ್ಕೊಂಡು ಹೋಗಿದ್ದಾರೆ. ಫೈಲನ್ನ ನೋಟ್‌ಪ್ಯಾಡ್‌ಗೆ ಎಳೆದು ಹಾಕಿ ಕಾದೆ, ಸುಮಾರು ಹೊತ್ತಿಗೆ ಪರದೆ ತುಂಬ ಚೌಕ, ಚುಕ್ಕೆ, ಎಲ್ಲೂ ಒಂದು ಹೆಸರಿಲ್ಲ ಒಂದು ತಾರೀಖಿಲ್ಲ. ಅವರದ್ದೇ ಫೈಲ್ ಫಾರ್ಮ್ಯಾಟು, ಅದರ ಒಳಗೇನಿದೆ ಅಂತ ಹೊರಗೆ ಯಾರೂ ಬರೆದಿಟ್ಟಿರಲಿಲ್ಲ.

ಆಗಸ್ಟಲ್ಲಿ ಮೇಷ್ಟ್ರ ಮಗಳು ಬಂದ್ರು. "ಅಣ್ಣಾ, ಅಪ್ಪನ ಕಂಪ್ಯೂಟರ್ ಮಳೇಲಿ ನೆನೆದು ಹೋಯ್ತು, ನಿಮ್ಮ ಹತ್ರ ಎಲ್ಲಾ ಇದೆಯಲ್ಲಾ, ಪುಸ್ತಕ ಮಾಡಿಸೋಣ" ಅಂದ್ರು. ಪುಟ ಕಟ್ಟೋ ಪ್ರೋಗ್ರಾಂ ಪೇಜ್‌ಮೇಕರ್‌ನ ಫೋಲ್ಡರಲ್ಲಿ ಹುಡುಕಿ ಹುಡುಕಿ ಹನ್ನೊಂದು ಅಧ್ಯಾಯ ತೆಗೆದೆ. ಮೂರು ಅಧ್ಯಾಯ ಮತ್ತು ಅವರ ಅಷ್ಟೂ ತಿದ್ದುಪಡಿ ಆ 380 ಎಂಬಿ ಒಳಗಿದೆ, ಇವತ್ತಿಗೂ.

ಹಾಗಾಗಿ ಚೆನ್ನಾಗಿ ಕಾಣೋ ಕ್ಲೈಂಟ್ ಯಾವುದು ಅನ್ನೋ ಪ್ರಶ್ನೆಯನ್ನ ನಾನು ಒಪ್ಪಲ್ಲ. ಕೇಳ್ಬೇಕಾದ್ದು, ನಾಳೆ ಈ ಪ್ರೋಗ್ರಾಂ ಬಿಟ್ಟು ಹೊರಟ್ರೆ ನನ್ನ ಮೇಲ್ ನನ್ನ ಜೊತೆ ಬರತ್ತಾ ಅಂತ. ನನ್ನ ಮಟ್ಟಿಗೆ ಸ್ವಾತಂತ್ರ್ಯ ಅಂದ್ರೆ ಮೊದಲು ಇದು.

ನಾನು ಬಳಸೋದು ಥಂಡರ್‌ಬರ್ಡ್. 2012ರಲ್ಲಿ ಅದನ್ನ ಮಾಡಿದ ಮೊಜಿಲ್ಲಾದವರೇ (ಫೈರ್‌ಫಾಕ್ಸ್ ಮಾಡೋರು) ಇದಕ್ಕೆ ಇನ್ನು ಹೆಚ್ಚು ಜನ ಹಾಕಲ್ಲ ಅಂತ ಕೈ ಸಡಿಲ ಬಿಟ್ರು. ಅಷ್ಟಾದ್ರೂ ಸಾಯಲಿಲ್ಲ, ಸೋರ್ಸ್ ಕೋಡ್ ಎಲ್ಲರ ಕೈಲಿತ್ತು, ಸಮುದಾಯದವರು ಮುಂದುವರಿಸಿದ್ರು, 2020ರಲ್ಲಿ ಅದಕ್ಕೇ ಅಂತ ಬೇರೆ ಕಂಪನಿ ಆಯ್ತು, ಈಗ ಜನ ಕೊಡೋ ದೇಣಿಗೆ ಮೇಲೆ ನಡೀತಿದೆ. ನನ್ನ ಹಳೇ ಪ್ರೋಗ್ರಾಂ ಕಂಪನಿ ಜೊತೆ ಸತ್ತಿತ್ತು, ಇದು ಉಳೀತು, ವ್ಯತ್ಯಾಸ ಲೈಸೆನ್ಸಲ್ಲಿದೆ. ಇದರ ಪ್ರೊಫೈಲ್ ಫೋಲ್ಡರ್ ಒಳಗೆ ಹೋದ್ರೆ ಇನ್‌ಬಾಕ್ಸ್ ಅಂತ ಎಕ್ಸ್‌ಟೆನ್ಶನ್ನೇ ಇಲ್ಲದ ಫೈಲ್ ಇರತ್ತೆ, ಅದು ಎಂಬಾಕ್ಸ್ ಫಾರ್ಮ್ಯಾಟು, ಮೇಲ್‌ಗಳನ್ನ ಸಾದಾ ಪಠ್ಯವಾಗಿ ಒಂದರ ಕೆಳಗೊಂದು ಇಡೋದು. ಟೆಕ್ಸ್ಟ್ ಎಡಿಟರಲ್ಲಿ ತೆಗೀರಿ, ಯಾರಿಂದ, ಯಾರಿಗೆ, ವಿಷಯ, ತಾರೀಖು ಎಲ್ಲಾ ಕಣ್ಣಿಗೆ ಕಾಣತ್ತೆ. ಪಕ್ಕದಲ್ಲಿರೋ ಎಂಎಸ್ಎಫ್ ಫೈಲ್ ಬರೀ ಇಂಡೆಕ್ಸು, ಅಳಿಸಿದ್ರೆ ಮತ್ತೆ ಕಟ್ಕೊಳತ್ತೆ. ಮೊದಲ ಸಲ ಆ ಫೈಲ್ ತೆಗೆದು ಗಿರಾಕಿಯೊಬ್ಬರ ಹೆಸರು ಓದಿದಾಗ ಕಣ್ಣು ತುಂಬಿ ಬಂದಿತ್ತು.

ನುಡಿಯ ಹಳೇ ಆಸ್ಕಿ ಬರಹವೂ (ಇಂಗ್ಲಿಷ್ ಅಕ್ಷರದ ಕೋಡ್‌ಗಳಿಗೇ ಕನ್ನಡ ಆಕಾರ ಕೂರಿಸಿದ್ದು) ಫಾಂಟ್ ಇಲ್ದಿದ್ರೆ ಗೀಚಿದ ಹಾಗೇ ಕಾಣೋದು. ಆದ್ರೆ ಯಾವ ಅಕ್ಷರಕ್ಕೆ ಯಾವ ಕೋಡ್ ಅನ್ನೋದು ಗೊತ್ತಿದ್ದರಿಂದ ಎಲ್ಲಾ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡ್‌ಗೆ ತರೋ ಕನ್ವರ್ಟರ್‌ಗಳು ಬಂದ್ವು. ಆ ಹನ್ನೊಂದು ಅಧ್ಯಾಯ ಹಾಗೇ ಬಂದಿದ್ದು.

ಬೇರೆಯವೂ ಇವೆ. ಹಳೇ ಸಿಸ್ಟಂ ಆದ್ರೆ ಕ್ಲಾಸ್ ಮೇಲ್, ತುಂಬಾ ಹಗುರ, ಒಂದೊಂದು ಮೇಲೂ ಒಂದೊಂದು ಫೈಲ್ ಆಗಿ ಕೂರತ್ತೆ, ಆದ್ರೆ ಬಣ್ಣ ಬಣ್ಣದ ಎಚ್‌ಟಿಎಂಎಲ್ ಮೇಲ್ ಬರೆಯೋಕಾಗಲ್ಲ, ಡಿಟಿಪಿಯವನಾಗಿದ್ದೂ ನಂಗೆ ಅದು ಕೊರತೆ ಅನಿಸಿಲ್ಲ. ಆಫೀಸ್ ಮೇಲ್ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜಲ್ಲಿದ್ರೆ ಎವಲ್ಯೂಶನ್ ನೋಡಿ. ಆಂಡ್ರಾಯ್ಡ್ ಫೋನಿಗೆ ಕೆ-9 ಮೇಲ್, ಅದೇ ಈಗ 2024ರಿಂದ ಥಂಡರ್‌ಬರ್ಡ್ ಹೆಸರಲ್ಲೂ ಬರ್ತಿದೆ, ಸ್ವತಂತ್ರ ಆಪ್‌ಗಳ ಅಂಗಡಿ ಎಫ್-ಡ್ರಾಯ್ಡಲ್ಲಿ ಸಿಗತ್ತೆ.

ಜಿಮೇಲ್ ಇಟ್ಕೊಂಡು ಸ್ವತಂತ್ರ ಕ್ಲೈಂಟ್ ಹಾಕಿದ್ರೆ ಏನು ಬಂತು ಅಂತಾನೂ ಕೇಳಿದ್ದೀರ. ಸರ್ವರ್ ಅವರದ್ದೇ, ಅದು ನಿಜ. ಆದ್ರೆ ಐಮ್ಯಾಪಲ್ಲಿ (ಸರ್ವರಲ್ಲಿರೋ ಮೇಲನ್ನೇ ನಿಮ್ಮ ಕಂಪ್ಯೂಟರಲ್ಲೂ ಹಾಗೇ ತೋರಿಸೋ ವಿಧಾನ) ಜೋಡಿಸಿ ನಿಮ್ಮ ಕಂಪ್ಯೂಟರ್‌ಗೆ ಪ್ರತಿ ಇಳಿಸಿಕೊಂಡ್ರೆ ನಾಳೆ ಅಕೌಂಟ್ ಹೋದ್ರೂ ಪತ್ರಗಳು ನಿಮ್ಮ ಹತ್ರ ಇರತ್ತೆ. ಒಂದು ಎಚ್ಚರ, ಐಮ್ಯಾಪಲ್ಲಿ ಸರ್ವರಿಂದ ಅಳಿಸಿದ್ದು ಇಲ್ಲೂ ಅಳಿಸತ್ತೆ, ಹಾಗಾಗಿ ಬೇಕಾದ್ದನ್ನ ಥಂಡರ್‌ಬರ್ಡಿನ ಲೋಕಲ್ ಫೋಲ್ಡರ್ಸ್‌ಗೆ (ನಿಮ್ಮ ಕಂಪ್ಯೂಟರಲ್ಲೇ ಇರೋ ಫೋಲ್ಡರ್‌ಗಳಿಗೆ) ಕಾಪಿ ಮಾಡಿಡಿ.

ಶನಿವಾರದ ಕೆಲಸ ಹೀಗೆ ಮಾಡಿ. ಹಳೇ ಪ್ರೋಗ್ರಾಂ ಇನ್ನೂ ಓಡ್ತಿದೆ ಅಂದಿದ್ದೀರ, ಅದು ನಿಮ್ಮ ಪುಣ್ಯ. ಅದರಲ್ಲೇ ಒಂದು ಐಮ್ಯಾಪ್ ಅಕೌಂಟ್ ಸೇರಿಸಿ, ಸರ್ವರಲ್ಲಿ ಜಾಗ ಎಷ್ಟಿದೆ ನೋಡ್ಕೊಳ್ಳಿ, ಹಳೇ ಫೋಲ್ಡರ್‌ಗಳನ್ನ ಒಂದೊಂದೇ ಎಳೆದು ಅದರೊಳಗೆ ಹಾಕಿ. ಮೇಲ್ ಸರ್ವರ್‌ಗೆ ಏರತ್ತೆ. ಆಮೇಲೆ ಮಿಂಟ್‌ನಲ್ಲಿ ಥಂಡರ್‌ಬರ್ಡಿಂದ ಇಳಿಸ್ಕೊಳ್ಳಿ. ನಾನು ಅವತ್ತು ಸಂಜೆ ಇದನ್ನ ಮಾಡಿದ್ರೆ ಸಾಕಿತ್ತು, ಎರಡು ಮೂರು ಗಂಟೆ ಕೆಲಸ. ಮಿಂಟನ್ನ ಬೇರೆ ಡಿಸ್ಕಿಗೆ ಹಾಕಿ, ಹಳೇದನ್ನ ಬಿಚ್ಚಿ ಡ್ರಾಯರಲ್ಲಿಡಿ, ಹೊಸ ಕಡೆ ಅತೀ ಹಳೇ ಮೇಲ್ ಒಂದನ್ನ ಅಟ್ಯಾಚ್‌ಮೆಂಟ್ ಸಮೇತ ತೆಗೆದು ಓದೋವರೆಗೂ ಅದನ್ನ ಮುಟ್ಬೇಡಿ. ಪ್ರೋಗ್ರಾಂ ಹೆಸರು, ವರ್ಷನ್ ಕೆಳಗೆ ಕಾಮೆಂಟಲ್ಲಿ ಹಾಕಿ, ಶುಕ್ರವಾರ ರಾತ್ರಿ ಫ್ರೀ ಇದ್ದೀನಿ, ಜೊತೇಲೇ ಕೂತು ಮಾಡೋಣ.