ಬದಲಿಸಬೇಕಾದ್ದು ಬ್ಲೇಡ್, ಯಂತ್ರವಲ್ಲ

10 ಇಂಚಿನ ಟೇಬಲ್ ಸಾ (ಮೇಜಿಗೆ ಕೂರಿಸಿದ ವಿದ್ಯುತ್ ಗರಗಸ) ಜೊತೆ ಬಂದ 24 ಹಲ್ಲಿನ ಬ್ಲೇಡಲ್ಲಿ ಪ್ಲೈವುಡ್ ಅಂಚು ಸಿಬಿರು ಏಳುತ್ತಿದೆ, ದೊಡ್ಡ ಯಂತ್ರವೇ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ ಸಾರ್. ಆ ಬ್ಲೇಡು ಸಾಗುವಾನಿಯನ್ನು ಎಳೆಗುಂಟ ಸೀಳೋಕೆ ಸರಿ. ಪ್ಲೈವುಡ್ಡಿಗೆ 60 ಅಥವಾ 80 ಹಲ್ಲಿನ ಕಾರ್ಬೈಡ್ ಬ್ಲೇಡ್ ತನ್ನಿ. ಕೊಳ್ಳುವಾಗ ಬ್ಲೇಡಿನ ನಡುವಿನ ತೂತು ನಿಮ್ಮ ಯಂತ್ರದ ಶಾಫ್ಟಿಗೆ ಹೊಂದುತ್ತಾ ಅಂತ ಅಳೆಯಿರಿ: 25.4 ಮಿ.ಮೀ., 30 ಮಿ.ಮೀ. ಎರಡೂ ಸಿಗುತ್ತವೆ. ನಾನು ತಪ್ಪಿ ತಂದಿದ್ದೊಂದು ಈಗಲೂ ಗೋಡೆಯಲ್ಲಿ ನೇತಾಡ್ತಿದೆ. ಬ್ಲೇಡಿನ ಹಿಂದಿರುವ ರೈವಿಂಗ್ ನೈಫ್ (ಕುಯ್ದ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ತಗಡು) ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಮಾಡುವ ಸೀಳಿಗಿಂತ ತೆಳು ಇರಲೇಬೇಕು. ಬ್ಲೇಡ್ ತೀರಾ ತೆಳುವಾದರೆ ಸೀಳು ಕಿರಿದಾಗಿ ಮರ ಆ ನೈಫಿಗೇ ಸಿಕ್ಕಿಕೊಳ್ಳುತ್ತೆ. ಹಾಗಂತ ನೈಫ್ ಬಿಚ್ಚಿಡಬೇಡಿ, ಹಲಗೆ ನೇರ ಎದೆಗೇ ಹಾರಿ ಬಂದೀತು. ಒಳ್ಳೆಯ ಮುಖ ಮೇಲಿಟ್ಟು, ತಳಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಕುಯ್ಯಿರಿ.