ಕನ್ನಡ ವಿಧಾನದಲ್ಲಿ (ಕನ್ನಡ ಕಲಿಸುವುದನ್ನೇ ವಿಷಯವಾಗಿ ತೆಗೆದುಕೊಂಡು) ಬಿ.ಎಡ್. ಮಾಡುತ್ತಿದ್ದೇನೆ, ಮೇಷ್ಟ್ರು ಅಂತ ಅನ್ನಿಸುತ್ತಲೇ ಇಲ್ಲ. ಬಿಟ್ಟು ಎಂ.ಎ.ಗೆ ಹೋಗಲೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಬಿ.ಎಡ್. ದಿನಗಳು ನೆನಪಾದವು. ಗಣಿತ, ವಿಜ್ಞಾನದವರಿಗೆ ತಮ್ಮದೊಂದು ವಿಷಯವಿದೆ, ಕನ್ನಡ ಎಲ್ಲರಿಗೂ ಬರುತ್ತದೆ, ಹಾಗಾದರೆ ಶಾಲೆಯಲ್ಲಿ ನಾನು ಯಾರು ಎನ್ನುವುದು ತಾನೇ ನಿಮ್ಮ ಸಂಕಟ? ಅನ್ನಿಸಲಿ ಎಂದು ಕಾಯುತ್ತಾ ಕೂರಬೇಡಿ. ಕೆಲಸ ಕೈಗೆ ಹತ್ತಿದ ಮೇಲೆ ಅನ್ನಿಸುವಂಥದ್ದು ಅದು.

ಕನ್ನಡದ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ತಾವು ಸಾಹಿತ್ಯದ ವ್ಯಾಖ್ಯಾನಕಾರರು ಎಂದುಕೊಂಡು ತರಗತಿಗೆ ಹೋಗುತ್ತಾರೆ. ಕುಮಾರವ್ಯಾಸನ ಪದ್ಯ ಎಂದಿಟ್ಟುಕೊಳ್ಳಿ. ಪೀಠಿಕೆ, ಕವಿ ಪರಿಚಯ, ರಾಗವಾಗಿ ಓದು, ಪದಗಳ ಅರ್ಥ, ಕೊನೆಗೆ ಭಾವಾರ್ಥ ಬರೆಸುವುದು. ಪೀರಿಯಡ್ಡಿನ ನಲವತ್ತು ನಿಮಿಷ ಸೊಗಸಾಗಿ ಮುಗಿಯುತ್ತದೆ, ಹಿಂದಿನ ಬೆಂಚಿನಲ್ಲಿ ಕುಳಿತ ವೀಕ್ಷಕರೂ ಒಳ್ಳೆಯ ಷರಾ ಬರೆಯುತ್ತಾರೆ. ಮರುದಿನ ಅದೇ ಪದ್ಯವನ್ನು ಒಬ್ಬ ಹುಡುಗನಿಂದ ಓದಿಸಿ ನೋಡಿ. "ವೇದಪುರುಷನ ಸುತನ ಸುತನ ಸ" ಎಂದು ನಿಲ್ಲುತ್ತಾನೆ, ಉಸಿರೆಳೆದು "ಹೋದರನ" ಎನ್ನುತ್ತಾನೆ. ಭಾಮಿನಿ ಷಟ್ಪದಿಯ ಈ ಸಾಲು ಮೂರು-ನಾಲ್ಕು ಮೂರು-ನಾಲ್ಕು ಮಾತ್ರೆಗೆ, ಒಟ್ಟು 14ಕ್ಕೆ, ಮುಗಿದುಹೋಗುತ್ತದೆ. ಪದ ಮುಗಿದಿರುವುದಿಲ್ಲ. "ಸಹೋದರನ" ಎನ್ನುವುದು ಎರಡು ಸಾಲಿಗೆ ಹರಿದು ಹಂಚಿಹೋಗಿದೆ. ಅದನ್ನು ಜೋಡಿಸಿಕೊಂಡು ಓದುವುದು ನಿಮಗೆ ಸಲೀಸು, ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ. ಪಾಠ ಇದ್ದದ್ದೇ ಆ ಜೋಡಣೆಯಲ್ಲಿ. ಅದನ್ನು ನೀವು ಮನೆಯಲ್ಲೇ ಮುಗಿಸಿಕೊಂಡು ಬಂದು ಭಾವಾರ್ಥ ಒಪ್ಪಿಸಿದರೆ ಮಕ್ಕಳ ಪಾಲಿಗೆ ನಕಲು ಬರೆಯುವುದಷ್ಟೇ ಉಳಿಯುತ್ತದೆ. ಪದ್ಯವನ್ನು ಹಲಗೆಯ ಮೇಲೆ ಇದ್ದಹಾಗೇ ಬರೆಯಿರಿ, ಪದ ಎಲ್ಲಿ ಮುಗಿಯುತ್ತದೆ ಎಂದು ಅವರಿಂದಲೇ ಗೆರೆ ಎಳೆಸಿ, ಆಮೇಲೆ ರಾಗದ ಮಾತು. ಎರಡೇ ಪದ್ಯ ಆದರೂ ಸಾಕು.

ಈ ತಪ್ಪಿಗೆ ಕಾರಣವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಇದನ್ನು ಗುರುತಿಸಿದ್ದರು. ಶಿಕ್ಷಕರಾಗುವವರು ಸಾವಿರಾರು ಗಂಟೆ ಬೆಂಚಿನ ಮೇಲೆ ಕುಳಿತು ತಮ್ಮ ಶಿಕ್ಷಕರನ್ನು ನೋಡಿಯೇ ಬಂದಿರುತ್ತಾರೆ, ಆದರೆ ಅವರಿಗೆ ಕಂಡದ್ದು ಮಾತಾಡುವ ಭಾಗ ಮಾತ್ರ. ತಯಾರಿ, ತಿದ್ದುವುದು, ಯಾವ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂಬ ಲೆಕ್ಕ ಬೆಂಚಿನಿಂದ ಕಾಣುವುದಿಲ್ಲ. ಚೆನ್ನಾಗಿ ಮಾತಾಡುತ್ತಿದ್ದ ಕನ್ನಡ ಮೇಷ್ಟ್ರೇ ನಿಮ್ಮ ಮನಸ್ಸಿನ ಮಾದರಿ, ನನ್ನದೂ ಅದೇ.

2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ನಿಯಮದಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ 20 ವಾರ ಸಿಗುತ್ತದೆ: ಮೊದಲ ವರ್ಷ 4, ಎರಡನೆಯದರಲ್ಲಿ 16. ಆ ಹದಿನಾರರ ಮೊದಲ ವಾರವನ್ನು ಮಕ್ಕಳ ಓದು ಕೇಳುವುದಕ್ಕೆ ಇಡಿ. ದಿನಕ್ಕೆ ಐದು ಮಕ್ಕಳು, ತಲಾ ಎರಡು ನಿಮಿಷ. ಹಿಂದಿನ ತರಗತಿಯ ಪುಸ್ತಕದಿಂದ ಅರವತ್ತು-ಎಪ್ಪತ್ತು ಪದಗಳ ಗದ್ಯ ಸಾಕು. ನಡುವೆ ತಿದ್ದಬೇಡಿ, ನಿಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ತಪ್ಪುಗಳನ್ನು ಬಗೆ ಬಗೆಯಾಗಿ ವಿಂಗಡಿಸಿ, ಏಕೆಂದರೆ ಒಂದೊಂದಕ್ಕೂ ಮದ್ದು ಬೇರೆ.

"ಸೂರ್ಯ"ವನ್ನು "ಸೂಯ್ರ" ಎಂದು ಓದುವ ಮಗು ದಡ್ಡ ಅಲ್ಲ. ಕಿವಿಗೆ ರಕಾರ ಮೊದಲು ಕೇಳುತ್ತದೆ, ಕಣ್ಣಿಗೆ ಯ ಮೊದಲು ಕಾಣುತ್ತದೆ, ರಕಾರದ ಗುರುತಾದ ಅರ್ಕಾವತ್ತು ಅದರ ಬಲಕ್ಕೆ ಕೂತಿರುತ್ತದೆ. ಮಗು ಕಂಡ ಕ್ರಮದಲ್ಲೇ ಓದಿದೆ. ಮಾರ್ಗ-ಉಗ್ರ, ಅರ್ಕ-ಚಕ್ರ ಎಂದು ಜೋಡಿ ಪದ ಕೊಟ್ಟು ಓದಿಸಿದರೆ ವ್ಯತ್ಯಾಸ ಹಿಡಿಯುತ್ತದೆ. "ಭಾರತ"ವನ್ನು "ಬಾರತ" ಎಂದು ಬರೆಯುವುದು ಬೇರೆ ಸಮಸ್ಯೆ. ಮನೆಯ ಮಾತಿನಲ್ಲಿ ಮಹಾಪ್ರಾಣ ಕೇಳದ ಮಗುವಿಗೆ ಬರೀ ಉಕ್ತಲೇಖನ ಎಷ್ಟು ಕೊಟ್ಟರೂ ಪ್ರಯೋಜನ ಕಡಿಮೆ. ಆ ಪದಗಳನ್ನು ಕಣ್ಣಿನಿಂದ ಕಲಿಯಬೇಕು: ಮಿಂಚುಪಟ್ಟಿ (ಪದ ಬರೆದ ಫ್ಲ್ಯಾಶ್ ಕಾರ್ಡ್) ತೋರಿಸಿ, ಮರೆಮಾಡಿ, ಬರೆಸಿ, ಮತ್ತೆ ತೋರಿಸಿ. ಹಕಾರ ಬಿಟ್ಟು "ಆಲು" ಎನ್ನುವುದಂತೂ ಅವರ ಊರಿನ ಮಾತು. ಬರಹದಲ್ಲಿ ಮಾತ್ರ ತಿದ್ದಿ, ಬಾಯಿಗೆ ಕೈ ಹಾಕಬೇಡಿ, ಇಲ್ಲವಾದರೆ ಆ ಮಗು ತರಗತಿಯಲ್ಲಿ ಮಾತಾಡುವುದನ್ನೇ ನಿಲ್ಲಿಸುತ್ತದೆ.

ನಿಮ್ಮ ಗಣಿತದ ಗೆಳೆಯರಿಗೂ ಕನ್ನಡ ಬರುತ್ತದೆ, ಒಪ್ಪಿದೆ. "ಸೂಯ್ರ" ಏಕೆ ಆಯಿತು ಎಂದು ಅವರನ್ನು ಕೇಳಿ ನೋಡಿ. ನಿಮ್ಮ ವಿಷಯ ಅದು.

ಎಂ.ಎ. ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಇದರಿಂದ ತಪ್ಪಿಸಿಕೊಳ್ಳಲು ಮಾಡಬೇಡಿ. ಪಿಯು ಉಪನ್ಯಾಸಕರ ನೇಮಕಾತಿಗೂ ಬಿ.ಎಡ್. ಕೇಳುತ್ತಾರೆ, ಅಲ್ಲಿಗೆ ಬರುವವರೂ ಇದೇ ಮಕ್ಕಳು.

ಸದ್ಯಕ್ಕೆ ಮಾರ್ಗದರ್ಶಕ ಶಿಕ್ಷಕರ ಬಳಿ ಒಂದು ಸೆಕ್ಷನ್ನಿನ ಪ್ರಬಂಧದ ಪುಸ್ತಕಗಳನ್ನು ತಿದ್ದಲು ಕೇಳಿ ಪಡೆಯಿರಿ. ಎಲ್ಲ ತಪ್ಪಿಗೂ ಕೆಂಪು ಸುತ್ತು ಹಾಕಬೇಡಿ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು, ಉದಾಹರಣೆಗೆ ಒತ್ತಕ್ಷರ ಮಾತ್ರ, ಅಂಚಿನಲ್ಲಿ ಸಣ್ಣ ಗುರುತು, ಸರಿರೂಪ ಮಗುವೇ ಹುಡುಕಿ ಬರೆಯಲಿ.